ಕಪ್ಪು ಗಾಡಿಯ ಮೇಲೆ ಹುಲ್ಲಿನ ಗೀರು

ಅಪ್ಪ ಇನ್ನೊಂದು ಸಲ ನನ್ನ ಕಾರನ್ನು ಮುಟ್ಟಬೇಕು. ಹೋದ ವರ್ಷವೆಲ್ಲ ದೇವರ ಮುಂದೆ ನಿಂತಾಗ ನಾನು ಕೇಳಿಕೊಂಡಿದ್ದು ಇಷ್ಟೇ. ನಗಬೇಡಿ. ಜನ ಮಗಳ ಮದುವೆಯಾಗಲಿ ಅಂತ, ಬೋರ್‌ವೆಲ್ಲಿನಲ್ಲಿ ನೀರು ಬೀಳಲಿ ಅಂತ ಹರಕೆ ಹೊರುತ್ತಾರೆ. ನಾನು, ನಲವತ್ತೇಳು ವರ್ಷದ ಗಂಡಸು, ಎಂಬತ್ತು ದಾಟಿದ ಮುದುಕನ ಅಂಗೈ ಒಂದು ತಗಡಿನ ಮೇಲೆ ಬೀಳಲಿ ಅಂತ ಕೈಮುಗಿದೆ. ಆ ಕೈಯನ್ನು ಅಲ್ಲಿಂದ ಎತ್ತಿಸಿದವನೂ ನಾನೇ. ಅದನ್ನು ದೇವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ, ನಮ್ಮ ಊರಿಗೆಲ್ಲ ಗೊತ್ತಿರುವ ವಿಷಯ.

ನನ್ನ ಕೆಲಸದಿಂದಲೇ ಶುರು ಮಾಡುತ್ತೇನೆ, ನನ್ನ ಕಣ್ಣು ಕೆಟ್ಟಿದ್ದು ಅಲ್ಲೇ. ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಬಣ್ಣ ಬಳಿದು ಒಣಗಿಸಿದ ತಗಡಿನ ಬಾಗಿಲುಗಳು ಕೊಕ್ಕೆಯಲ್ಲಿ ನೇತಾಡುತ್ತಾ ನನ್ನ ಮುಂದೆ ಬರುತ್ತವೆ. ಉದ್ದನೆಯ ಟ್ಯೂಬ್‌ಲೈಟುಗಳ ಕೆಳಗೆ ಒಂದೊಂದನ್ನೂ ಓರೆಗಣ್ಣಿನಿಂದ ನೋಡಬೇಕು. ಗೀರು, ಗುಳ್ಳೆ, ಧೂಳಿನ ಕಣ, ಏನು ಕಂಡರೂ ಒಂದು ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ತಳ್ಳಬೇಕು. ಚೆನ್ನಾಗಿರುವುದನ್ನು ನೋಡುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ. ಈ ಚಟ ಮನೆಗೂ ಬಂತು. ತಟ್ಟೆಯಲ್ಲಿ ಗೀರು, ಗೋಡೆಯಲ್ಲಿ ಬಿರುಕು, ಹೆಂಡತಿಯ ಸೀರೆಯಲ್ಲಿ ಎಳೆ ಕಿತ್ತಿದ್ದು, ಎಲ್ಲ ನನಗೇ ಮೊದಲು ಕಾಣುತ್ತದೆ. "ಹೆಣ್ಣು ನೋಡೋಕೆ ಬಂದಾಗ ನನ್ನ ಹಣೆಗೆ ಕೆಂಪು ಚೀಟಿ ಅಂಟಿಸ್ದೆ ಹೆಂಗ್ರೀ ಎದ್ದು ಹೋದ್ರಿ?" ಅಂತ ಹೆಂಡತಿ ಎಷ್ಟೋ ಸಲ ಛೇಡಿಸಿದ್ದಾಳೆ.

ಇನ್ನು ಅಪ್ಪ. ನಮ್ಮದು ಬಾಶೆಟ್ಟಿಹಳ್ಳಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿ. ಊರಲ್ಲಿ ನಮ್ಮ ಮನೆಯನ್ನು ಈಗಲೂ ಜೋಡೆತ್ತಿನವರ ಮನೆ ಅಂತಲೇ ಕರೆಯುತ್ತಾರೆ. ಅಪ್ಪ ಹಳ್ಳೀಕಾರ್ ಎತ್ತು ಸಾಕುತ್ತಿದ್ದ. ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಿಂದ ಒಂದು ಜೋಡಿಯನ್ನು ಎರಡು ದಿನ ನಡೆಸಿಕೊಂಡೇ ತಂದಿದ್ದನಂತೆ, ಲಾರಿಯಲ್ಲಿ ತುಂಬಿದರೆ ಕಾಲು ತರಚುತ್ತದೆ ಅಂತ. ಆ ಜೋಡಿಯನ್ನು ಗಾಡಿಗೆ ಹೂಡಿ ಹೊರಟರೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಬಸ್ಸಿನವನೂ ನಿಧಾನ ಮಾಡಿ ನೋಡುತ್ತಿದ್ದ. ಹಿಂದೆ ಕೂತಿರುತ್ತಿದ್ದ ನಾನು, ಏಳೆಂಟು ವರ್ಷದವನು, ಎತ್ತುಗಳನ್ನು ನಾನೇ ಹೆತ್ತ ಹಾಗೆ ಎದೆಯುಬ್ಬಿಸಿಕೊಂಡು ಕೂತಿರುತ್ತಿದ್ದೆ.

ಎತ್ತು ತೊಳೆಯುವುದನ್ನು ಅಪ್ಪ ಯಾರಿಗೂ ಬಿಡುತ್ತಿರಲಿಲ್ಲ. ರಾಗಿಹುಲ್ಲನ್ನು ಒಂದು ಹಿಡಿ ಹಿರಿದು, ಮಡಿಸಿ, ತಿರುಚಿ, ಅದೇ ಹುಲ್ಲಿನ ಎಳೆಯಿಂದ ಬಿಗಿದು ಅಂಗೈಗಾತ್ರದ ಉಂಡೆ ಮಾಡುತ್ತಿದ್ದ. ಕೆರೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿಸಿ ಆ ಉಂಡೆಯಿಂದ ಎತ್ತಿನ ಮೈಯನ್ನು ಸುತ್ತ ಸುತ್ತ ಉಜ್ಜುತ್ತಿದ್ದ. ಎತ್ತು ಕಣ್ಣುಮುಚ್ಚಿ ನಿಂತಿರುತ್ತಿತ್ತು. ಅಪ್ಪನ ಪ್ರೀತಿಗೆ ಬೇರೆ ಭಾಷೆ ಇರಲಿಲ್ಲ. ನಮಗೆ ಒಂದು ದಿನವೂ ತಲೆ ಸವರಿದವನಲ್ಲ, ಆದರೆ ಜ್ವರ ಬಂದಾಗ ಅದೇ ಕೈಯಲ್ಲಿ ನಮ್ಮ ಬೆನ್ನು ತಿಕ್ಕಿ ಸ್ನಾನ ಮಾಡಿಸುತ್ತಿದ್ದ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಕೆಲಸ ಕಡಿಮೆಯಾಯಿತು, ಕೊನೆಯ ಜೋಡಿಯೂ ಹೋಯಿತು, ಕೊಟ್ಟಿಗೆ ಬಹಳ ವರ್ಷ ಖಾಲಿ ಬಿದ್ದಿತ್ತು.

ಆ ಕೊಟ್ಟಿಗೆಗೆ ನಾನು ಕಾರು ತಂದು ನಿಲ್ಲಿಸಿದೆ. ಐದು ವರ್ಷವಾಯಿತು. ಎರಡೇ ಬಾಗಿಲು, ನೆಲಕ್ಕೆ ಅಂಟಿದಂಥ ಮೈ, ಅಗಲದ ಟೈರು, ಹಿಂದೆ ಎರಡು ಸೈಲೆನ್ಸರ್ ಬಾಯಿ, ಕಾಡಿಗೆಯ ಕಪ್ಪು. ಬೆಂಗಳೂರಿನ ಒಬ್ಬರು ಬಳಸಿ ಬಿಟ್ಟಿದ್ದು, ಆದರೂ ಹೊಸದರ ಹಾಗೆ ಹೊಳೆಯುತ್ತಿತ್ತು. ನನ್ನ ಜತೆಯವರೆಲ್ಲ ಮನೆಮಂದಿಗೆ ಆಗುವಂಥ ಗಾಡಿ ತಗೊಂಡರು. "ಹಿಂದ್ಗಡೆ ಸೀಟಲ್ಲಿ ಯಾರನ್ನ ಕೂರಿಸ್ತೀರಿ? ಟೊಮ್ಯಾಟೊ ಕ್ರೇಟೂ ಹಿಡಿಯಲ್ಲ" ಅಂದಳು ಹೆಂಡತಿ. ಹದಿನೇಳು ವರ್ಷ ಕಂಪನಿ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ತೂಕಡಿಸಿದವನಿಗೆ ಒಂದು ಸಲವಾದರೂ ರಸ್ತೆಯ ಜನ ತಿರುಗಿ ನೋಡಬೇಕು ಅನ್ನಿಸುವುದು ಅಪರಾಧವೇ? ಅಪ್ಪನನ್ನು ನೋಡುತ್ತಿದ್ದರಲ್ಲ, ಹಾಗೆ. ಆಸೆ ಅಷ್ಟೇ ಇತ್ತು.

ಕಾರು ಬಂದ ದಿನ ಅಪ್ಪ ಅದರ ಸುತ್ತ ಮೂರು ಸುತ್ತು ಹಾಕಿದ. ಬಗ್ಗಿ ಮೂತಿ ನೋಡಿದ. ಹಿಂದೆ ಹೋಗಿ ಚಕ್ರದ ಮೇಲಿನ ಉಬ್ಬನ್ನು ಎತ್ತಿನ ತೊಡೆ ನೋಡುವ ಹಾಗೆ ನೋಡಿದ. ಆಮೇಲೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಉದ್ದಕ್ಕೂ ಸವರಿ ಎರಡು ಸಲ ತಟ್ಟಿದ.

"ಮೈಕಟ್ಟು ಚೆನ್ನಾಗೈತೆ ಕಣ್ಲಾ. ಜಡಿಗೇನಹಳ್ಳಿ ಜೋಡೀಲಿ ಬಲಗಡೆದು ಹಿಂಗೇ ಇತ್ತು. ಎಲ್ಲಿ, ಗುಟುರು ಹಾಕ್ಸು ನೋಡಾನ."

ನಾನು ಕೂತು ಇಂಜಿನ್ ಜೋರು ಮಾಡಿದೆ. ಕೊಟ್ಟಿಗೆಯ ಹೆಂಚು ಅದುರಿತು. ಅಪ್ಪ ಬಾಯ್ತುಂಬ ನಕ್ಕ. ಕೊನೆಯ ಜೋಡಿ ಹೋದ ಮೇಲೆ ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ದೊಡ್ಡಬಳ್ಳಾಪುರದ ತನಕ ಕೂರಿಸಿಕೊಂಡು ಹೋದೆ. ಮೊಣಕಾಲು ಎದೆಗೆ ಬಂದಿದ್ದರೂ "ನೆಲದ ಮ್ಯಾಲೆ ಕುಂತಂಗೇ ಐತೆ, ಆದ್ರೂ ಓಡ್ತೈತಲ್ಲ" ಅಂತ ದಾರಿಯುದ್ದ ಖುಷಿಪಟ್ಟ. ಬಸ್‌ಸ್ಟ್ಯಾಂಡಿನ ಹತ್ತಿರ ಪರಿಚಯದವರು ಕಂಡಾಗ ಕಿಟಕಿ ಇಳಿಸು ಅಂತ ಅವನೇ ಹೇಳಿದ.

ಆಮೇಲೆ ಶುರುವಾಯಿತು ನೋಡಿ ಸೇವೆ. ದೇವರಿಗೂ ಇಷ್ಟು ಉಪಚಾರ ನಡೆಯುವುದಿಲ್ಲ. ನಮ್ಮ ಊರಿಗೆ ಬರುವ ದಾರಿಯಲ್ಲಿ ಹನ್ನೊಂದು ಹಂಪು. ಅದರಲ್ಲಿ ಸರ್ಕಾರ ಹಾಕಿದ್ದು ನಾಲ್ಕು, ಉಳಿದವು ತಮ್ಮ ತಮ್ಮ ಮನೆ ಮುಂದೆ ಜನ ಹಾಕಿಕೊಂಡವು. ಒಂದೊಂದನ್ನೂ ಕಾರು ಓರೆ ಮಾಡಿ, ಉಸಿರು ಬಿಗಿಹಿಡಿದು ಹತ್ತಿಸಬೇಕು. ಆದರೂ ಕಾರಿನ ಹೊಟ್ಟೆ ಕರ್ರೆಂದು ಉಜ್ಜುತ್ತದೆ. ಇಲಿ ವೈರು ಕಡಿಯುತ್ತದೆ ಅಂತ ನುಸಿಗುಳಿಗೆ, ಹೊಗೆಸೊಪ್ಪು. ಬೆಕ್ಕು ಹತ್ತುತ್ತದೆ ಅಂತ ಎರಡು ಪದರದ ಹೊದಿಕೆ. ತೊಳೆಯಲು ಒಂದು ಬಟ್ಟೆ, ಒರೆಸಲು ಇನ್ನೊಂದು, ಹೊಳಪಿಗೆ ಮತ್ತೊಂದು, ಯಾವುದೂ ಕೆಳಗೆ ಬೀಳುವ ಹಾಗಿಲ್ಲ. ಕಾರ್ಖಾನೆಗೆ ತೆಗೆದುಕೊಂಡು ಹೋದರೆ ಅಲ್ಲಿನ ಚಿಮಣಿಯ ಪುಡಿ ಬೀಳುತ್ತದೆ ಅಂತ ನಾನು ಮೊದಲಿನ ಹಾಗೇ ಕಂಪನಿ ಬಸ್ಸಿಗೇ ಹೋಗುತ್ತಿದ್ದೆ. ಕಾರು ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿರುತ್ತಿತ್ತು. "ಹೊಸದಾಗಿ ಮದುವೆಯಾಗಿ ಬಂದಾಗ ನಂಗೂ ಇಷ್ಟು ಮರ್ಯಾದೆ ಇರ್ಲಿಲ್ಲ ಬಿಡಿ" ಅಂದಳು ಹೆಂಡತಿ. ಅವಳ ಮಾತಿಗೆ ನಾನು ಆಗ ನಗುತ್ತಿದ್ದೆ.

ಬಂದ ಎರಡನೇ ವರ್ಷದ ಸಂಕ್ರಾಂತಿ. ನಮ್ಮ ಕಡೆ ಅದು ದನಗಳ ಹಬ್ಬ. ಬೆಳಿಗ್ಗೆ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣದ ಟೇಪು ಕಟ್ಟಿ, ಸಂಜೆ ಕಿಚ್ಚು ಹಾಯಿಸುತ್ತಾರೆ. ನನಗೆ ಹಿಂದಿನ ದಿನ ಮೂರನೇ ಪಾಳಿ. ಪಾಳಿ ಮುಗಿಸಿ ಬೆಳಿಗ್ಗೆ ಬಸ್ಸಿಳಿದು ಮನೆ ಕಡೆ ತಿರುಗಿದರೆ ನಮ್ಮ ಅಂಗಳದಲ್ಲಿ ನಾಲ್ಕೈದು ಜನ ನಿಂತಿದ್ದಾರೆ. ಹೊದಿಕೆ ತೆಗೆದು ಮಡಿಸಿ ಜಗಲಿಯ ಮೇಲಿಟ್ಟಿದೆ. ಕಾರನ್ನು ಯಾರೋ ತಳ್ಳಿ ಬಿಸಿಲಿಗೆ ತಂದಿದ್ದಾರೆ. ಬಾನೆಟ್ಟಿನ ಮೇಲೆ ಅಂಗೈಯಗಲದ ಅರಿಶಿನ, ಎರಡು ದೀಪಕ್ಕೂ ಕುಂಕುಮ, ಕನ್ನಡಿಗಳಿಗೆ ಬಣ್ಣದ ಟೇಪು, ಮೂತಿಗೆ ಚೆಂಡುಹೂವಿನ ಹಾರ. ಅಪ್ಪ ಪಂಚೆ ಎತ್ತಿಕಟ್ಟಿ ಮಂಡಿಯೂರಿ ಕೂತು ಬಾಗಿಲನ್ನು ಉಜ್ಜುತ್ತಿದ್ದ. ಕೈಯಲ್ಲಿ ರಾಗಿಹುಲ್ಲಿನ ಉಂಡೆ.

ನನ್ನನ್ನು ನೋಡಿ ಎದ್ದ. ಮುಖವೆಲ್ಲ ಬೆವರು, ಖುಷಿ. "ನೀನು ಬರೋದ್ರೊಳ್ಗೆ ಮುಗ್ಸಾನ ಅಂತಿದ್ದೆ ಕಣ್ಲಾ. ಹೆಂಗೈತೆ ನೋಡು."

ನೋಡಿದೆ. ನನ್ನ ಕಣ್ಣು ಮತ್ತೇನನ್ನು ನೋಡೀತು? ಅರಿಶಿನ ಕಾಣಲಿಲ್ಲ, ಹಾರ ಕಾಣಲಿಲ್ಲ, ಎಂಬತ್ತರ ಹತ್ತಿರ ಬಂದ ಮುದುಕ ನಸುಕಿಗೇ ಎದ್ದು ಬಾವಿಯಿಂದ ನೀರು ಸೇದಿದ್ದು ಕಾಣಲಿಲ್ಲ. ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು. ಆ ಕಪ್ಪು ಮೈಯ ಮೇಲೆ, ತಲೆಯಿಂದ ಬಾಲದ ತನಕ, ಗುಂಡು ಗುಂಡಾಗಿ ಸಾವಿರ ಗೀರು ಕಂಡವು.

"ಏನ್ ಮಾಡ್ಬಿಟ್ಟೆ ನೀನು!" ಅಂತ ಕಿರುಚಿದೆ. "ಕಣ್ಣು ಕಾಣಲ್ವಾ ನಿಂಗೆ? ಇದೇನು ದನ ಅನ್ಕೊಂಡ್ಯಾ, ಹುಲ್ಲು ಹಾಕಿ ಉಜ್ಜೋಕೆ? ಎಲ್ಲಾ ಹಾಳ್ಮಾಡಿ ಇಟ್ಟಲ್ಲಪ್ಪಾ! ತೆಗಿ ಕೈ ಅತ್ಲಾಗೆ! ಇನ್ನೊಂದ್ಸಲ ಈ ಗಾಡಿ ಮುಟ್ಟು, ಆಮೇಲೆ ಇದೆ ನಿಂಗೆ!"

ಅಷ್ಟಕ್ಕೆ ನಿಲ್ಲಲಿಲ್ಲ. ಅವನ ಕೈಯಿಂದ ಹುಲ್ಲಿನುಂಡೆಯನ್ನು ಕಿತ್ತುಕೊಂಡು ತಿಪ್ಪೆಯ ಕಡೆ ಎಸೆದೆ. ನಿಂತಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಅಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ಬಗ್ಗಿ ಬಾಗಿಲನ್ನು ಹತ್ತಿರದಿಂದ ನೋಡಿದ. ಅವನ ಕಣ್ಣಿಗೆ ಏನೂ ಕಂಡಿರಲಾರದು.

"ಗೀರು ಬಿತ್ತಾ? ಗೊತ್ತಾಗ್ಲಿಲ್ಲ ಕಣಪ್ಪಾ," ಅಂದು ಒಳಗೆ ಹೋದ.

"ಹಬ್ಬದ ದಿನ ಮಾವನ್ನ ನಾಲ್ಕು ಜನದ ಮುಂದೆ ಹಿಂಗಾ ಅನ್ನೋದು? ಥೂ, ನಿಮ್ಮ ಗಾಡಿಗಿಷ್ಟು!" ಅಂದಳು ಹೆಂಡತಿ. ಆ ದಿನ ಅಪ್ಪ ಎಳ್ಳುಬೆಲ್ಲವನ್ನೂ ಬಾಯಿಗೆ ಹಾಕಲಿಲ್ಲ, ಸಂಜೆ ಕಿಚ್ಚು ಹಾಯಿಸುವುದನ್ನು ನೋಡಲೂ ಹೋಗಲಿಲ್ಲ. ನಾನು ಆ ಹೊತ್ತಿನಲ್ಲಿ ಟಾರ್ಚು ಹಿಡಿದು ಗೀರು ಎಣಿಸುತ್ತಿದ್ದೆ.

ಮುಂದಿನ ಭಾನುವಾರ ನೆಲಮಂಗಲದ ಹತ್ತಿರ, ಅರಿಶಿನಕುಂಟೆಯ ಹೆದ್ದಾರಿ ಬದಿಯಲ್ಲಿ ಕಾರಿಗೆ ಪಾಲಿಶ್ ಹೊಡೆಯುವ ಒಂದು ಅಂಗಡಿಗೆ ಹೋದೆ. ಅಂಗಡಿಯವನು ದೀಪ ಹಿಡಿದು ಸುತ್ತಾಡಿ ನಕ್ಕುಬಿಟ್ಟ.

"ಯಾವನ್ ಗುರು ಇದು? ಪಾತ್ರೆ ತಿಕ್ಕೋ ಹಂಗೆ ತಿಕ್ಕವ್ನೆ! ಯಾರ್ ಕೈಗ್ ಕೊಟ್ಟಿದ್ರಿ?"

"ಮನೆ ಆಳು," ಅಂದೆ.

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು! ಯೋಚಿಸಲೂ ಇಲ್ಲ. ಅಪ್ಪ ಅನ್ನುವುದಕ್ಕೆ ನಾಚಿಕೆಯಾಯಿತು. ಹೆಂಡತಿಗೂ ನಾನು ಇದನ್ನು ಹೇಳಿಲ್ಲ, ಈಗ ಇಲ್ಲಿ ಬರೆಯುವಾಗ ಮುಖ ಬಿಸಿಯಾಗುತ್ತಿದೆ.

"ಅಂಥವ್ರನ್ನ ಹತ್ರ ಸೇರಿಸ್ಬೇಡಿ ಗುರು," ಅಂದ ಅವನು. ಆಮೇಲೆ ನನಗೆ ಮೊದಲೇ ಗೊತ್ತಿದ್ದದ್ದನ್ನೇ ಹೇಳಿದ. ಪಾಲಿಶ್ ಹೊಡೆದರೆ ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ಸುತ್ತ ಇರುವ ಚೆನ್ನಾದ ಬಣ್ಣವನ್ನೇ ಅದರ ಆಳಕ್ಕೆ ಸವೆಸುತ್ತಾರೆ, ಆಗ ಗೀರು ಕಾಣುವುದಿಲ್ಲ. ಒಂದು ಸಲ, ಎರಡು ಸಲ ಮಾಡಬಹುದು. ಆಮೇಲೆ ತಗಡೇ ಕಾಣುತ್ತದೆ. ಸಂಜೆ ಹೊತ್ತಿಗೆ ಕಾರು ಬಂದಿತು, ಕೊಂಡ ದಿನಕ್ಕಿಂತ ಹೆಚ್ಚು ಹೊಳೆಯುತ್ತಾ.

ಮನೆಗೆ ಬಂದು "ಅಪ್ಪಾ, ಸರಿಹೋಯ್ತು ನೋಡು" ಅಂದೆ. ನನ್ನ ಮಟ್ಟಿಗೆ ಅದು ರಾಜಿ. ತಪ್ಪಾಯ್ತು ಅಂತ ಅಪ್ಪನ ಮುಖ ನೋಡಿ ಹೇಳುವುದು ನಮ್ಮ ಕಡೆಯ ಗಂಡುಮಕ್ಕಳಿಗೆ ಬರುವುದಿಲ್ಲ. ಜಗಳವಾಡಿದ ಮಗ ರಾತ್ರಿ ಊಟಕ್ಕೆ ಕೂತಾಗ "ಅಪ್ಪನಿಗೆ ಇನ್ನರ್ಧ ಮುದ್ದೆ ಹಾಕು" ಅನ್ನುತ್ತಾನೆ, ಅಪ್ಪ ತಿನ್ನುತ್ತಾನೆ, ಮುಗಿಯಿತು. ನಾನೂ ಹಾಕಿಸಿದೆ. ಅಪ್ಪ ತಿಂದ. ಆದರೆ ಜಗಲಿಯಿಂದಲೇ ಕಾರು ನೋಡಿ "ಚೆನ್ನಾಗೈತೆ" ಅಂದನೇ ಹೊರತು ಇಳಿದು ಬರಲಿಲ್ಲ.

ಅವತ್ತಿನಿಂದ ಅಪ್ಪ ಆ ಕಾರನ್ನು ಮುಟ್ಟಲಿಲ್ಲ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ, ತಿರುಗಿ ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವನು ವಿಧೇಯನಾದ. ಕೊಟ್ಟಿಗೆಯ ಗೋಡೆಗೂ ಕಾರಿಗೂ ನಡುವೆ ಬಚ್ಚಲಿಗೆ ಹೋಗುವ ಕಿರಿದಾದ ದಾರಿಯಿದೆ. ಅಲ್ಲಿ ಹೋಗುವಾಗ ಹೆಗಲ ಟವಲನ್ನು ತೆಗೆದು ಸೊಂಟಕ್ಕೆ ಬಿಗಿದುಕೊಂಡು, ಎರಡು ಕೈಯನ್ನೂ ಮೇಲೆತ್ತಿ, ಗೋಡೆಗೆ ಬೆನ್ನು ಉಜ್ಜುತ್ತಾ ಅಡ್ಡಡ್ಡ ನಡೆಯುತ್ತಿದ್ದ. ಒಂದು ಮಧ್ಯಾಹ್ನ ಬಿರುಗಾಳಿಗೆ ಹೊದಿಕೆ ಹಾರಿತಂತೆ. ಅಪ್ಪ ಪಕ್ಕದಲ್ಲೇ ನಿಂತಿದ್ದರೂ ಹಿಡಿಯಲಿಲ್ಲ, ಹೊಲದಲ್ಲಿದ್ದ ನನ್ನ ಹೆಂಡತಿಯನ್ನು ಕೂಗಲು ಓಡಿದನಂತೆ. "ನೀನೇ ಮುಚ್ಚವ್ವ, ನಾನು ಮುಟ್ಟಂಗಿಲ್ಲ" ಅಂದನಂತೆ. ಅವಳು ಅದನ್ನು ನನಗೆ ಹೇಳಿ ಎರಡು ದಿನ ಮಾತು ಬಿಟ್ಟಳು.

ಇನ್ನೊಂದು ಸಲ, ಒಕ್ಕಣೆ ಕಾಲ. ನಮ್ಮ ಕಡೆ ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರವುತ್ತಾರೆ, ಹೋಗಿ ಬರುವ ಗಾಡಿಗಳೇ ತುಳಿದು ಒಕ್ಕಿಕೊಡುತ್ತವೆ. ಲಾರಿಗೆ ಏನೂ ಆಗುವುದಿಲ್ಲ. ನನ್ನ ನೆಲಮಟ್ಟದ ಮಹಾರಾಜನಿಗೆ ಬಳ್ಳಿಯೆಲ್ಲ ಹೊಟ್ಟೆಗೆ ಸುತ್ತಿಕೊಂಡು ಸುಟ್ಟ ವಾಸನೆ ಬರತೊಡಗಿತು. ಅಂಗಳಕ್ಕೆ ತಂದು ಅಂಗಾತ ಮಲಗಿ ಕೆಳಗೆ ತೂರಿಕೊಂಡೆ. ಬಳ್ಳಿ ಹಗ್ಗದ ಹಾಗೆ ಬಿಗಿದಿತ್ತು.

"ಅಪ್ಪಾ, ಆ ಕುಡುಗೋಲು ಕೊಡು!" ಅಂದೆ.

ಅವನ ಪಾದಗಳು ಬರುವುದು ಕಾರಿನ ಕೆಳಗಿನಿಂದ ಕಾಣಿಸಿತು. ಒಂದು ಮಾರು ದೂರದಲ್ಲೇ ನಿಂತವು. ಕುಡುಗೋಲನ್ನು ನೆಲದ ಮೇಲಿಟ್ಟು ಕಾಲಿನಿಂದ ನನ್ನ ಕಡೆಗೆ ಮೆಲ್ಲಗೆ ಸರಿಸಿದ. ಅದೂ ನನ್ನ ಕೈಗೆ ಎಟುಕಲಿಲ್ಲ. ಬೇಸಾಯದ ಮನೆಯಲ್ಲಿ ಕುಡುಗೋಲನ್ನು ಕಾಲಿನಿಂದ ಮುಟ್ಟುವವರಿಲ್ಲ, ಆಯುಧ ಅದು. ನನಗೆ ಚಿಕ್ಕಂದಿನಲ್ಲಿ ಅದನ್ನು ಕಲಿಸಿ ಕೆನ್ನೆಗೆ ಬಾರಿಸಿದ್ದವನು ಅವನೇ. ನನ್ನ ಗಾಡಿಗೆ ಹತ್ತಿರ ಬರುವುದಕ್ಕಿಂತ ಅದನ್ನು ಒದೆಯುವುದೇ ವಾಸಿ ಅನ್ನಿಸಿತ್ತು ಅವನಿಗೆ. ನಾನು ಆ ಎಣ್ಣೆ ಸುರಿಯುವ ಕತ್ತಲಲ್ಲಿ ಮಲಗಿಯೇ ಅತ್ತೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಗಾದೆ ಹೇಳುವುದು ಸುಲಭ.

ಆಗಲೇ ಹೇಳಬಹುದಿತ್ತು. ಎದ್ದು ಬಂದು, ಅಪ್ಪಾ ತಪ್ಪಾಯ್ತು ಅನ್ನಬಹುದಿತ್ತು. ನಾಲಿಗೆ ಸೇದಿಹೋಗಿತ್ತೇ? ನಾಳೆ ಹೇಳೋಣ ಅಂದುಕೊಂಡೆ. ನಾಳೆ ಅನ್ನುವುದು ಅಪ್ಪನ ಹತ್ತಿರ ಎಷ್ಟು ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ.

ಮರೆವು ಬಂದಿದ್ದು ಮೆಲ್ಲಗೆ. ಊಟ ಮಾಡಿ ಎದ್ದು ಊಟ ಕೇಳುವುದು. ನನ್ನ ಹೆಂಡತಿಯನ್ನು ಸತ್ತುಹೋದ ತನ್ನ ಅಕ್ಕನೆಂದು ಕರೆಯುವುದು. ಒಂದು ಸಂಜೆ ಕೆರೆ ಏರಿಯ ಮೇಲೆ ನಿಂತು ಹೋಗಿಬರುವವರನ್ನೆಲ್ಲ "ನಮ್ಮ ಜೋಡಿ ಈ ಕಡೆ ಬಂದ್ವಾ?" ಅಂತ ಕೇಳುತ್ತಿದ್ದನಂತೆ. ದೊಡ್ಡಬಳ್ಳಾಪುರದ ಡಾಕ್ಟರಿಗೆ ತೋರಿಸಲು ಹೊರಟೆವು. ನಾನು ಕಾರಿನ ಬಾಗಿಲು ತೆಗೆದು ನಿಂತೆ.

"ಬಾ ಅಪ್ಪ, ಕೂತ್ಕೊ."

"ಕಾಲಲ್ಲಿ ಮಣ್ಣೈತೆ," ಅಂದ.

ಹೆಂಡತಿ ಕಾಲು ತೊಳೆದಳು. "ಪಂಚೆ ಕೊಳೆಯಾಗೈತೆ" ಅಂದ. ಪಂಚೆ ಬದಲಾಯಿಸಿದೆವು. ಬಾಗಿಲ ಹತ್ತಿರ ತನಕ ಬಂದವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ. ಕೈ ಊರದೆ ಆ ತಗ್ಗು ಸೀಟಿಗೆ ಯಾರೂ ಇಳಿಯಲಾರರು. ಕಡೆಗೆ ಆಟೋ ತರಿಸಿದೆವು. ಊರವರು ತಿರುಗಿ ನೋಡಲಿ ಅಂತ ತಂದ ಗಾಡಿ ಕೊಟ್ಟಿಗೆಯಲ್ಲಿ ಹೊಳೆಯುತ್ತಾ ನಿಂತಿತ್ತು, ನಾವು ಮೂವರು ಆಟೋದಲ್ಲಿ ಕುಲುಕುತ್ತಾ ಹೋದೆವು. ಜನ ಅವತ್ತು ನಿಜವಾಗಿಯೂ ತಿರುಗಿ ನೋಡಿದರು.

"ಹೋಗಿರೋದು ವಾಪಸ್ ಬರಲ್ಲ," ಅಂದರು ಡಾಕ್ಟರು. "ಇನ್ನೂ ಹೋಗ್ತಾ ಇರುತ್ತೆ. ಗುರುತು ಹಿಡಿಯೋವಾಗ್ಲೇ ಮಾತಾಡ್ಸ್ಕೊಳ್ಳಿ."

ಅಂದಿನಿಂದ ನನಗೆ ಅದೊಂದೇ ಹುಚ್ಚು. ಅಪ್ಪ ನನ್ನನ್ನು ಪೂರ್ತಿ ಮರೆಯುವ ಮೊದಲು ಆ ಕಾರಿನ ಮೇಲೆ ಒಂದು ಸಲ ಕೈಯಿಡಬೇಕು. ಇಟ್ಟರೆ, ಆ ಕೈಯ ಮೇಲೆ ನನ್ನ ಕೈಯಿಟ್ಟು ನಾನು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಮಾರಿಬಿಡಿ ಅಂದಳು ಹೆಂಡತಿ. ಮಾರಿದರೆ ಅಪ್ಪ ಮುಟ್ಟುವುದಾದರೂ ಏನನ್ನು? ಮೊದಲಿನ ಹಾಗೇ ತೊಳೆದೆ, ಹೊದಿಸಿದೆ, ಇಲಿ ಕಾಯ್ದೆ. ಈಗ ಅದರಲ್ಲಿ ಹೆಮ್ಮೆ ಒಂದು ಚೂರೂ ಉಳಿದಿರಲಿಲ್ಲ, ಹೆಣ ಕಾಯುವವನ ಹಾಗೆ ಕಾಯುತ್ತಿದ್ದೆ. ಕಾರ್ಖಾನೆಯಲ್ಲೂ ನನ್ನ ಕೈ ಸಡಿಲವಾಯಿತು. ಸಣ್ಣಪುಟ್ಟ ಗೀರಿನ ಬಾಗಿಲುಗಳನ್ನು ಚೀಟಿ ಅಂಟಿಸದೆ ಬಿಡತೊಡಗಿದೆ, ಮೇಲಿನವರಿಂದ ಬೈಸಿಕೊಂಡೆ.

ಈ ಸಂಕ್ರಾಂತಿಗೆ ಕಾರ್ಖಾನೆಗೆ ಹಿಂದಿನ ದಿನದಿಂದಲೇ ರಜೆ. ಹಿಂದಿನ ಸಂಜೆಯೇ ಪಕ್ಕದ ಮನೆಯ ಬಣವೆಯಿಂದ ರಾಗಿಹುಲ್ಲು ಹಿರಿದು ತಂದೆ. ಅಪ್ಪ ಮಾಡುತ್ತಿದ್ದುದನ್ನು ನೆನಪಿಸಿಕೊಂಡು ಮಡಿಸಿದೆ, ತಿರುಚಿದೆ, ಕಟ್ಟಿದೆ. ಹತ್ತು ಸಲ ಬಿಚ್ಚಿಕೊಂಡಿತು. ಹೇಗೋ ಒಂದು ಉಂಡೆಯಾಯಿತು. ಬೆಳಿಗ್ಗೆ ಹೊದಿಕೆ ತೆಗೆದು ಕಾರನ್ನು ಬಿಸಿಲಿಗೆ ತಂದೆ. ಬಕೆಟ್ಟಿಗೆ ಬಿಸಿನೀರು ಬೆರೆಸಿದೆ, ಅಪ್ಪನ ಕೈಗೆ ಚಳಿಯಾಗಬಾರದು ಅಂತ. ಅರಿಶಿನ ಕಲಸಿ ಬಟ್ಟಲಲ್ಲಿಟ್ಟೆ. ಬಣ್ಣದ ಟೇಪು, ಚೆಂಡುಹೂವು, ಎಲ್ಲ ತಂದಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಜಗಲಿಯ ಮೇಲಿದ್ದ ಅಪ್ಪನ ರಟ್ಟೆ ಹಿಡಿದು ಕರೆದುಕೊಂಡು ಬಂದೆ. ಮಗುವಿನ ಹಾಗೆ ಬಂದ. ಹುಲ್ಲಿನುಂಡೆಯನ್ನು ಅವನ ಕೈಗಿಟ್ಟೆ.

ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಯಾರು ಕಟ್ಟಿದ್ದು ಇದ್ನ? ಬಿಚ್ಚೋಗ್ತೈತೆ," ಅಂದ. ಆಮೇಲೆ ಅವನ ಬೆರಳುಗಳು ತಾವಾಗಿಯೇ ಓಡಾಡಿದವು. ಎಳೆ ಬಿಚ್ಚಿ, ಹುಲ್ಲನ್ನು ಮತ್ತೆ ಮಡಿಸಿ, ಹೆಬ್ಬೆರಳಿನಿಂದ ಒತ್ತಿ ತಿರುಚಿ, ಬಿಗಿದು ಗಂಟು ಹಾಕಿದ. ಅಂಗೈಗಾತ್ರದ ಉಂಡೆ, ಅದೇ ಹಳೆಯ ಉಂಡೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡಳು.

ಅಪ್ಪನೇ ಉಂಡೆಯನ್ನು ನೀರಿಗೆ ಅದ್ದಿದ. ಹಿಂಡಿದ. ಬಾನೆಟ್ಟಿನ ಕಡೆ ಕೈ ಚಾಚಿದ. ಒಂದು ಗೇಣು ಉಳಿದಿತ್ತು.

ಕೈ ಅಲ್ಲೇ ನಿಂತಿತು.

"ಬ್ಯಾಡಪ್ಪಾ," ಅಂದ.

"ಉಜ್ಜು ಅಪ್ಪ. ಏನೂ ಆಗಲ್ಲ. ನಾನೇ ಹೇಳ್ತಿದ್ದೀನಲ್ಲ."

ಅವನು ನನ್ನ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಆ ಕಣ್ಣಲ್ಲಿ ನಾನು ಇರಲಿಲ್ಲ.

"ನೀನು ಯಾರೋ ಹೊಸಬ, ನಿಂಗೊತ್ತಿಲ್ಲ," ಅಂತ ಮೆಲ್ಲಗೆ ಹೇಳಿದ. "ಮುಟ್ಬ್ಯಾಡ ಇದ್ನ. ಗಾಡಿಯವ್ನು ಬೈತಾನೆ."

"ಯಾರು ಬೈಯೋದು?"

"ನನ್ನ ಮಗಾನೇ." ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ ಆ ಕಡೆ ಈ ಕಡೆ ನೋಡಿದ. "ಕೆಟ್ಟವನಲ್ಲ. ರಾತ್ರಿಯೆಲ್ಲ ದುಡೀತಾನೆ, ಪಾಪ. ಗೀರು ಬಿದ್ರೆ ಮಾತ್ರ ಅವನ ಕಣ್ಣಿಗೆ ಯಾರೂ ಕಾಣಾಕಿಲ್ಲ."

ಹೇಗೋ ಬಾಯಿ ಬಿಟ್ಟೆ. "ಇನ್ನು ಬೈಯಲ್ಲಪ್ಪಾ ಅವನು. ತಪ್ಪಾಯ್ತು ಅಂತ ಹೇಳಿದ್ದಾನೆ ನಿಂಗೆ."

"ಅವ್ನು ಹೇಳ್ದ್ನಾ?"

"ಹೂಂ. ಹೇಳ್ದ."

ಅಪ್ಪ ನನ್ನನ್ನು ಸಮಾಧಾನ ಮಾಡುವವನ ಹಾಗೆ ತಲೆಯಾಡಿಸಿದ.

"ಅಂಗೆಲ್ಲ ಹೇಳೋನಲ್ಲ ಬಿಡು ಅವ್ನು."

ಹುಲ್ಲಿನುಂಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಹಾಗೇ ಪಂಚೆಯ ಮಡಿಲಿಗೆ ಸೇರಿಸಿ ಬಚ್ಚಿಟ್ಟುಕೊಂಡ. ಅರಿಶಿನದ ಬಟ್ಟಲನ್ನು ಕಾಲಿನಿಂದ ಕಲ್ಲಿನ ಮರೆಗೆ ಸರಿಸಿದ. ನನ್ನ ತೋಳು ಹಿಡಿದು ಕಾರಿನಿಂದ ದೂರ ಎಳೆದ. ಮುದುಕನಾದರೂ ಹಿಡಿತ ಗಟ್ಟಿಯಾಗಿತ್ತು.

"ಹೋಗಪ್ಪಾ ನೀನು. ಬಸ್ಸು ಬರೋ ಹೊತ್ತಾಯ್ತು, ಅವ್ನು ಬತ್ತಾನೆ. ಸುಮ್ನೆ ಯಾಕೆ ಬೈಸ್ಕಂತೀಯ. ಯಾರಾದ್ರೂ ಕೇಳಿದ್ರೆ ನಾನೇ ಮುಟ್ಟಿದ್ದು ಅಂತೀನಿ."

ನನ್ನನ್ನು ಗೋಡೆಯ ಹಿಂದೆ ನಿಲ್ಲಿಸಿ ಅವನು ಗೇಟಿನ ಹತ್ತಿರ ಹೋದ. ಒದ್ದೆ ಪಂಚೆ ಕಾಲಿಗೆ ಅಂಟಿಕೊಂಡಿತ್ತು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ, ಕತ್ತು ಉದ್ದ ಮಾಡಿ ರಸ್ತೆ ನೋಡುತ್ತಾ ನಿಂತ. ಹಬ್ಬದ ರಜೆ, ಅವತ್ತು ಕಂಪನಿ ಬಸ್ಸು ಇರಲಿಲ್ಲ. ಬಕೆಟ್ಟಿನ ನೀರು ತಣ್ಣಗಾಯಿತು, ಬಿಸಿಲು ಏರಿತು. ಅಪ್ಪ ನನಗಾಗಿ ಕಾಯುತ್ತಲೇ ಇದ್ದ. ನಾನು ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ.